ದಂಪತಿಗಳ ಮೊದಲ ಕಿರು ನೌಕಾವಿಹಾರ: ಟಿಕೆಟ್ ಕೊಳ್ಳುವ ಮುನ್ನ ವರ್ತಕರು ನೋಡಬೇಕಾದ ಲೆಕ್ಕ

ವ್ಯಾಪಾರಸ್ಥರ ಕುಟುಂಬಗಳಲ್ಲಿ ಪ್ರವಾಸವೆಂದರೆ ಬಹುಮಟ್ಟಿಗೆ ಬಂಧುಗಳ ಮದುವೆ, ಗೃಹಪ್ರವೇಶ ಅಥವಾ ಕ್ಷೇತ್ರದರ್ಶನ. ಚಿಕ್ಕಪೇಟೆಯ ಜವಳಿ ವರ್ತಕರಿರಲಿ, ಪೀಣ್ಯದ ಸಣ್ಣ ಕಾರ್ಖಾನೆಯ ಮಾಲೀಕರಿರಲಿ, ದಾವಣಗೆರೆಯ ಮಂಡಿ ವ್ಯಾಪಾರಿಗಳಿರಲಿ, ವಾರದ ರಜೆಯ ದಿನವೂ ಬಾಕಿ ವಸೂಲಿ ಮತ್ತು ಲೆಕ್ಕಪತ್ರದಲ್ಲೇ ಕಳೆದುಹೋಗುತ್ತದೆ. ಮಕ್ಕಳು ಓದು ಮುಗಿಸಿ ತಮ್ಮ ದಾರಿ ಹಿಡಿದ ಮೇಲೆ, ಇಪ್ಪತ್ತು ಇಪ್ಪತ್ತೈದು ವರ್ಷ ಒಟ್ಟಿಗೆ ದುಡಿದ ಪತಿಪತ್ನಿಯರಿಗೆ ತಾವಿಬ್ಬರೇ ಎಲ್ಲಿಗೂ ಹೋಗಿಬಂದದ್ದಿಲ್ಲವೆಂಬ ಸಂಗತಿ ಹೊಳೆಯುತ್ತದೆ.

ಇಂಥ ದಂಪತಿಗಳ ಮುಂದೆ ಈಗ ಬಂದಿರುವ ಒಂದು ಆಯ್ಕೆ ಹಡಗಿನ ವಿಹಾರ, ಅಂದರೆ ಕ್ರೂಸ್. ಎರಡರಿಂದ ನಾಲ್ಕು ರಾತ್ರಿಗಳ ಕಿರು ವಿಹಾರವು ಅಂಗಡಿಯನ್ನು ವಾರಗಟ್ಟಲೆ ಬಿಟ್ಟಿರಲಾಗದವರಿಗೆ ಹೊಂದುವಂಥದು. ಊಟ, ವಸತಿ, ಮನರಂಜನೆ ಒಂದೇ ಸೂರಿನಡಿ ದೊರೆಯುತ್ತವೆ. ದಿನಕ್ಕೊಮ್ಮೆ ಪೆಟ್ಟಿಗೆ ಕಟ್ಟಿ ಬಿಚ್ಚುವ ಕಷ್ಟವಿಲ್ಲ. ಆದರೆ ಸರಕು ಕೊಳ್ಳುವಾಗ ನಾಲ್ಕು ಕಡೆ ದರ ವಿಚಾರಿಸುವ ವರ್ತಕರೇ ಪ್ರವಾಸ ಕೊಳ್ಳುವಾಗ ಜಾಹೀರಾತಿನ ದೊಡ್ಡಕ್ಷರಗಳನ್ನಷ್ಟೇ ಓದಿ ಮುಂಗಡ ಕಟ್ಟಿಬಿಡುವುದುಂಟು. ಮೊದಲ ವಿಹಾರದ ಆಯ್ಕೆ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ. ವರ್ಷಗಳ ನಂತರ ಹೇಗೋ ಹೊಂದಿಸಿಕೊಂಡ ಮೂರು ದಿನಗಳೂ, ಮತ್ತೊಮ್ಮೆ ಹೊರಡುವ ಮನಸ್ಸೂ ಹೋಗುತ್ತವೆ. ಆದ್ದರಿಂದ ಖರೀದಿಯ ವಿವೇಕವನ್ನೇ ಇಲ್ಲಿಗೂ ಅನ್ವಯಿಸಿ ನೋಡುವುದು ಉಚಿತ.

ಕಿರು ವಿಹಾರದ ಸ್ವರೂಪ

ಕಿರು ವಿಹಾರವು ದೀರ್ಘ ವಿಹಾರದ ತುಂಡಲ್ಲ. ಅದಕ್ಕೆಂದೇ ರೂಪಿತವಾದ ಪ್ರತ್ಯೇಕ ಸೇವೆ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ನಿರ್ಮಾಣಗೊಂಡು 1990ರಲ್ಲಿ ಸೇವೆಗಿಳಿದ 'ನಾರ್ಡಿಕ್ ಎಂಪ್ರೆಸ್' ಎಂಬ ಹಡಗನ್ನು ಅಮೆರಿಕದ ಮಯಾಮಿಯಿಂದ ಬಹಾಮಾ ದ್ವೀಪಗಳಿಗೆ ಮೂರು ಮತ್ತು ನಾಲ್ಕು ರಾತ್ರಿಗಳ ಯಾನ ನಡೆಸಲೆಂದೇ ಕಟ್ಟಲಾಯಿತು. ವಾರಾಂತ್ಯಕ್ಕೆ ಒಂದೆರಡು ದಿನ ಸೇರಿಸಿಕೊಂಡು ಬರುವ ಮಧ್ಯಮ ವರ್ಗವೇ ಅದರ ಗ್ರಾಹಕ. ಇದೇ ಹಡಗು ಮುಂದೆ 'ಎಂಪ್ರೆಸ್' ಎಂಬ ಹೆಸರಿನಲ್ಲಿ ಭಾರತಕ್ಕೆ ಬಂದು, 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಕ್ರೂಸಸ್ ಸಂಸ್ಥೆಯ ಸೇವೆಯನ್ನು ಮುಂಬಯಿಯಿಂದ ಆರಂಭಿಸಿತು. ಸುಮಾರು 211 ಮೀಟರ್ ಉದ್ದದ ಈ ಹಡಗಿನ ಗ್ರಾಸ್ ಟನ್ನೇಜ್ 48,563. ಗ್ರಾಸ್ ಟನ್ನೇಜ್ ಎಂಬುದು ತೂಕವಲ್ಲ. ಹಡಗಿನ ಒಳಗಿನ ಒಟ್ಟು ಅವಕಾಶದ ಅಳತೆ. ಎರಡು ಹಡಗುಗಳ ಗಾತ್ರವನ್ನು ಹೋಲಿಸಲು ಈ ಅಂಕಿಯೇ ಆಧಾರ.

ಮೊದಲ ಬಾರಿಗೆ ಹೋಗುವವರಿಗೆ ಒಂದು ರಾತ್ರಿಯ ಯಾನ ತೀರ ಕಡಿಮೆ. ಮಧ್ಯಾಹ್ನ ಸಾಲಿನಲ್ಲಿ ನಿಂತು ಹತ್ತಿ, ಕ್ಯಾಬಿನ್ ಹುಡುಕಿ, ಸುರಕ್ಷತಾ ಕವಾಯತು ಮುಗಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಬೆಳಗಾದರೆ ಇಳಿಯುವ ಗಡಿಬಿಡಿ. ನಾಲ್ಕು ರಾತ್ರಿಗಿಂತ ಹೆಚ್ಚಿನದನ್ನು, ಸಮುದ್ರಯಾನ ತಮಗೆ ಒಗ್ಗುವುದೋ ಇಲ್ಲವೋ ತಿಳಿಯುವ ಮೊದಲೇ ಕೊಳ್ಳುವುದೂ ಜಾಣತನವಲ್ಲ. ಎರಡು ಅಥವಾ ಮೂರು ರಾತ್ರಿ, ಅದರಲ್ಲಿ ಒಂದು ಬಂದರಿನಲ್ಲಿ ಇಳಿಯುವ ಅವಕಾಶ ಮತ್ತು ಒಂದು ದಿನ ಪೂರ್ತಿ ಸಮುದ್ರದಲ್ಲೇ ಇರುವ ವಿರಾಮ, ಇದು ಮೊದಲ ವಿಹಾರಕ್ಕೆ ಸೂಕ್ತವಾದ ಪ್ರಮಾಣ.

ಭಾರತದ ತೀರದಲ್ಲಿ ಇದುವರೆಗಿನ ಅನುಭವ

ಈ ಉದ್ಯಮ ನಮ್ಮಲ್ಲಿ ಇನ್ನೂ ಬೇರೂರುತ್ತಿರುವ ಹಂತದಲ್ಲಿದೆ. 2018ರ ಅಕ್ಟೋಬರ್‌ನಲ್ಲಿ 'ಆಂಗ್ರಿಯಾ' ಹಡಗು ಮುಂಬಯಿ ಮತ್ತು ಗೋವಾ ನಡುವೆ ಒಂದು ರಾತ್ರಿಯ ಸೇವೆಯನ್ನು ಆರಂಭಿಸಿ, ಅನಂತರ ನಿಲ್ಲಿಸಿತು. 2019ರ ಏಪ್ರಿಲ್‌ನಲ್ಲಿ ಜಲೇಶ್ ಕ್ರೂಸಸ್ ಸಂಸ್ಥೆಯ 'ಕರ್ಣಿಕಾ' ಮುಂಬಯಿಯಿಂದ ಹೊರಟಿತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಸಂಸ್ಥೆ ಮುಚ್ಚಿಹೋಗಿ ಹಡಗು ಗುಜರಾತಿನ ಅಲಂಗ್ ಹಡಗು ಒಡೆಯುವ ಅಂಗಳವನ್ನು ಸೇರಿತು. 2021ರಿಂದ ಕಾರ್ಡೇಲಿಯಾ ಸಂಸ್ಥೆ ಗೋವಾ, ಕೊಚ್ಚಿ, ಲಕ್ಷದ್ವೀಪ ಮಾರ್ಗಗಳಲ್ಲಿ ಕಿರು ವಿಹಾರಗಳನ್ನು ನಡೆಸುತ್ತ ಬಂದಿದೆ. ಅಮೆರಿಕದ ನಾರ್ವೇಜಿಯನ್ ಸಂಸ್ಥೆಯಿಂದ 'ಸ್ಕೈ' ಮತ್ತು 'ಸನ್' ಎಂಬ ಎರಡು ಹಡಗುಗಳನ್ನು ಗುತ್ತಿಗೆಗೆ ಪಡೆಯುವ ಅದರ ಒಪ್ಪಂದ 2025ರಲ್ಲಿ ಪ್ರಕಟವಾಯಿತು. ಇಟಲಿಯ ಕೋಸ್ಟಾ ಸಂಸ್ಥೆಯ 'ಕೋಸ್ಟಾ ಸೆರೆನಾ' 2023ರ ನವೆಂಬರ್‌ನಿಂದ 2024ರ ಜನವರಿವರೆಗೆ ಒಂದು ಹಂಗಾಮು ಮಾತ್ರ ಭಾರತದ ಬಂದರುಗಳ ನಡುವೆ ಸಂಚರಿಸಿತು.

ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 30ರಂದು 'ಕ್ರೂಸ್ ಭಾರತ್ ಮಿಷನ್' ಯೋಜನೆಗೆ ಚಾಲನೆ ನೀಡಿ, 2029ರ ವೇಳೆಗೆ ವಿಹಾರ ನೌಕೆಗಳ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇರಿಸಿಕೊಂಡಿದೆ. ಮುಂಬಯಿಯ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಹಂಗಾಮಿನಲ್ಲಿ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಅವುಗಳ ಪ್ರವಾಸಿಗರು ಕಾರ್ಕಳದ ಗೊಮ್ಮಟನನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಗೋಡಂಬಿ ಕಾರ್ಖಾನೆಯನ್ನೂ ನೋಡಿ ಸಂಜೆಗೆ ಮರಳುತ್ತಾರೆ. ಆದರೆ ಕಿರು ವಿಹಾರಕ್ಕೆ ಹಡಗು ಹತ್ತಬೇಕಾದ ಕನ್ನಡಿಗರು ಸಾಮಾನ್ಯವಾಗಿ ಮುಂಬಯಿ, ಗೋವಾ, ಕೊಚ್ಚಿ ಅಥವಾ ಚೆನ್ನೈಗೆ ಹೋಗಬೇಕು.

ಈ ಇತಿಹಾಸದಿಂದ ಗ್ರಾಹಕರು ಅರಿಯಬೇಕಾದದ್ದು ಇಷ್ಟೆ: ಹಡಗುಗಳು ಬರುತ್ತವೆ, ಹೋಗುತ್ತವೆ, ಮಾರ್ಗ ಬದಲಿಸುತ್ತವೆ. ಹಿಂದಿನ ವರ್ಷ ಹೋಗಿಬಂದ ಬಂಧುಗಳ ಮಾತನ್ನು ಕೇಳುವುದು ಒಳ್ಳೆಯದೇ. ಆದರೆ ತಾವು ಹೋಗಲಿರುವ ದಿನ ಯಾವ ಹಡಗು, ಯಾವ ಬಂದರಿನಿಂದ, ಯಾವ ಮಾರ್ಗದಲ್ಲಿ ಹೊರಡುತ್ತದೆ ಎಂಬುದನ್ನು ಹೊಸದಾಗಿ ವಿಚಾರಿಸಲೇಬೇಕು.

ಜಾಹೀರಾತಿನ ದರ ಮತ್ತು ನಿಜವಾದ ವೆಚ್ಚ

ಕಾರ್ಖಾನೆಯ ಬಾಗಿಲಿನ ದರಕ್ಕೂ ಗೋದಾಮು ಸೇರಿದ ಸರಕಿನ ದರಕ್ಕೂ ಇರುವ ವ್ಯತ್ಯಾಸ ವರ್ತಕರಿಗೆ ಹೊಸದಲ್ಲ. ವಿಹಾರ ನೌಕೆಯ ಜಾಹೀರಾತಿನಲ್ಲಿ ಕಾಣುವುದು ಮೊದಲನೆಯ ಬಗೆಯ ದರ. ಅದು ಸಾಮಾನ್ಯವಾಗಿ ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡಾಗ ತಲಾ ಒಬ್ಬರಿಗೆ, ಅದೂ ಕಿಟಕಿಯಿಲ್ಲದ ಒಳಕೋಣೆಗೆ, ಅನ್ವಯಿಸುವಂಥದು. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಸೇವಾಶುಲ್ಕ ಮತ್ತು ತೆರಿಗೆ ಸೇರುತ್ತವೆ. ಹಡಗು ಹತ್ತುವ ಊರಿಗೆ ಹೋಗಿಬರುವ ಖರ್ಚು ಬೇರೆ.

ತಿಳಿವಳಿಕೆಗಾಗಿ ಕೇವಲ ಕಲ್ಪಿತ ಅಂಕಿಗಳಿಂದ ಒಂದು ಲೆಕ್ಕ ಹಾಕಬಹುದು. ಮೂರು ರಾತ್ರಿಗಳಿಗೆ ತಲಾ ರೂ. 25,000 ಎಂಬ ದರವಿದೆಯೆಂದು ಇಟ್ಟುಕೊಂಡರೆ ದಂಪತಿಗಳಿಗೆ ರೂ. 50,000. ಬಂದರು ಮತ್ತು ಸೇವಾಶುಲ್ಕ ರೂ. 8,000, ತೆರಿಗೆ ರೂ. 7,000, ಹಡಗಿನ ಊರಿಗೆ ಹೋಗಿಬರುವ ಪ್ರಯಾಣ ರೂ. 20,000, ಹಿಂದಿನ ರಾತ್ರಿಯ ವಸತಿ ಮತ್ತು ಟ್ಯಾಕ್ಸಿ ರೂ. 7,000, ಬಂದರಿನಲ್ಲಿ ಇಳಿದು ಸುತ್ತಾಡಲು ರೂ. 5,000, ಹಡಗಿನೊಳಗಿನ ಇತರ ಖರ್ಚು ರೂ. 8,000. ಒಟ್ಟು ರೂ. 1,05,000. ಅಂದರೆ ಒಂದು ರಾತ್ರಿಗೆ ರೂ. 35,000. ಹೋಲಿಕೆಗೆ ಹಿಡಿಯಬೇಕಾದದ್ದು ಈ ಕೊನೆಯ ಅಂಕಿಯೇ ಹೊರತು ಜಾಹೀರಾತಿನದಲ್ಲ. ತಮ್ಮ ಊರಿನಿಂದ ಹೊರಟು ಮರಳಿ ಬರುವವರೆಗಿನ ಒಟ್ಟು ವೆಚ್ಚವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿದಾಗ, ದೂರದ ಬಂದರಿನ ಅಗ್ಗದ ಟಿಕೆಟ್ಟಿಗಿಂತ ಹತ್ತಿರದ ಬಂದರಿನ ದುಬಾರಿ ಟಿಕೆಟ್ಟೇ ಲಾಭವೆಂದು ತೋರಬಹುದು.

ಹಡಗಿನೊಳಗೆ ನಗದು ಬಳಕೆ ಇಲ್ಲ. ಕ್ಯಾಬಿನ್ನಿನ ಕಾರ್ಡನ್ನು ತೋರಿಸಿದರೆ ಖರ್ಚು ಖಾತೆಗೆ ಬರೆಯಲ್ಪಟ್ಟು ಕೊನೆಯ ದಿನ ತೀರುವಳಿಯಾಗುತ್ತದೆ. ಇದು ಉದ್ದರಿ ಖಾತೆಯಲ್ಲದೆ ಮತ್ತೇನೂ ಅಲ್ಲ. ಉದ್ದರಿಯಲ್ಲಿ ಕೈ ಸಡಿಲವಾಗುವುದು ವರ್ತಕರು ಬಲ್ಲ ವಿಷಯವೇ. ಮುಖ್ಯ ಭೋಜನಶಾಲೆಯ ಊಟ, ರಂಗಮಂದಿರದ ಕಾರ್ಯಕ್ರಮ, ಈಜುಕೊಳ ಇವು ಸಾಮಾನ್ಯವಾಗಿ ದರದಲ್ಲೇ ಸೇರಿರುತ್ತವೆ. ವಿಶೇಷ ಭೋಜನಗೃಹ, ಮದ್ಯ, ಮಸಾಜು, ಇಂಟರ್‌ನೆಟ್, ಛಾಯಾಚಿತ್ರ, ಜೂಜುಕೋಣೆ ಇವಕ್ಕೆ ಪ್ರತ್ಯೇಕ ಹಣ. ಖಾತೆಯಲ್ಲಿ ಎಷ್ಟಾಗಿದೆಯೆಂದು ದಿನಕ್ಕೊಮ್ಮೆ ನೋಡಿಕೊಂಡರೆ ಕೊನೆಯ ದಿನ ಬೆಚ್ಚಿಬೀಳಬೇಕಾಗಿಲ್ಲ.

ಸಮುದ್ರದ ಹಂಗಾಮು, ವ್ಯಾಪಾರದ ಹಂಗಾಮು

ಜವಳಿ ಮತ್ತು ಚಿನ್ನಬೆಳ್ಳಿ ವರ್ತಕರಿಗೆ ವರ್ಷದಲ್ಲಿ ಎರಡು ಬಾರಿ ಬಿಡುವು ಸಿಗುತ್ತದೆ: ಆಷಾಢ ಮತ್ತು ಧನುರ್ಮಾಸ. ಎರಡರಲ್ಲೂ ಮದುವೆ ಮುಹೂರ್ತಗಳಿಲ್ಲ. ಆದರೆ ಸಮುದ್ರದ ದೃಷ್ಟಿಯಲ್ಲಿ ಇವೆರಡೂ ಒಂದೇ ಅಲ್ಲ. ಆಷಾಢವು ನೈಋತ್ಯ ಮುಂಗಾರಿನ ನಡುವೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ ಪಶ್ಚಿಮ ಕರಾವಳಿಯ ವಿಹಾರಕ್ಕೆ ಅದು ಕಾಲವಲ್ಲ. ಧನುರ್ಮಾಸದ ವೇಳೆಗೆ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ, ಇದೇ ಸಮುದ್ರ ಶಾಂತವಾಗಿರುತ್ತದೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರದಲ್ಲಿ ದರವೂ ನೂಕುನುಗ್ಗಲೂ ಏರುವುದರಿಂದ, ಜನವರಿಯ ಮೊದಲ ವಾರ ಕಳೆದ ಮೇಲೆ, ಸಾಧ್ಯವಾದರೆ ವಾರದ ನಡುವಿನ ದಿನ, ಹೊರಡುವುದು ಲೇಸು.

ಆಷಾಢದಲ್ಲೇ ಹೊರಡಬೇಕಾದವರಿಗೆ ಪೂರ್ವದ ದಿಕ್ಕು ಉಳಿಯುತ್ತದೆ. ಕಾರ್ಡೇಲಿಯಾ ಹಡಗು 2022ರ ಜೂನ್‌ನಲ್ಲಿ ಮೊದಲ ಬಾರಿಗೆ ಚೆನ್ನೈಯನ್ನು ನೆಲೆಯಾಗಿಸಿಕೊಂಡಿತು; 2023ರ ಜೂನ್‌ನಲ್ಲಿ ಅಲ್ಲಿಂದ ಶ್ರೀಲಂಕೆಗೆ ಯಾನ ಆರಂಭಿಸಿತು. ಬಂಗಾಳ ಕೊಲ್ಲಿಯಲ್ಲಿ ಎಚ್ಚರವಹಿಸಬೇಕಾದ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಚಂಡಮಾರುತದ ತಿಂಗಳುಗಳು.

ಇನ್ನೊಂದು ಪಂಚಾಂಗವನ್ನೂ ನೋಡಬೇಕು, ಅದು ತೆರಿಗೆಯ ಪಂಚಾಂಗ. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ತಿಂಗಳ 11ರಂದು, ಜಿಎಸ್‌ಟಿಆರ್-3ಬಿ 20ರಂದು ಬರುತ್ತದೆ. ಮೂಲದಲ್ಲಿ ಕಡಿತಗೊಳಿಸಿದ ತೆರಿಗೆಯನ್ನು 7ನೆಯ ತಾರೀಖಿನೊಳಗೆ ಕಟ್ಟಬೇಕು. ಹಡಗು ತೀರ ಬಿಟ್ಟ ಕೆಲವು ಗಂಟೆಗಳಲ್ಲಿ ಮೊಬೈಲ್ ಸಂಕೇತ ಕಡಿದುಹೋಗುವುದರಿಂದ, ಮಾಲೀಕರ ಫೋನಿಗೆ ಬರುವ ಒಟಿಪಿಯನ್ನು ನಂಬಿ ಗಡುವಿನ ದಿನ ಕಾಯುವಂತಿಲ್ಲ. 20ರ ನಂತರ, ಸಂಬಳದ ದಿನಕ್ಕೆ ಮೊದಲು ಸಿಗುವ ವಾರವೇ ಸಣ್ಣ ಉದ್ಯಮಿಗೆ ಅತ್ಯಂತ ನಿಶ್ಚಿಂತೆಯ ಅವಧಿ.

ಮಾರ್ಗದ ಆಯ್ಕೆ

ಮುಂಬಯಿ–ಗೋವಾ ಯಾನ ಮೊದಲ ಅನುಭವಕ್ಕೆ ಸರಳವಾದದ್ದು. ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಸರ್ಕಾರ ನೀಡಿದ, ಭಾವಚಿತ್ರವಿರುವ ಗುರುತಿನ ಚೀಟಿ ಸಾಕು. ಆದರೆ ಹುಬ್ಬಳ್ಳಿ, ಬೆಳಗಾವಿ, ಕಾರವಾರದವರು ಗೋವೆಯನ್ನು ಅನೇಕ ಬಾರಿ ನೋಡಿರುತ್ತಾರೆ. ಅಂಥವರು ಹಡಗಿನ ಅನುಭವಕ್ಕಾಗಿಯೇ ಹೋಗುವುದಾದರೆ ಮಾತ್ರ ಈ ಮಾರ್ಗ ಅರ್ಥಪೂರ್ಣ.

ಲಕ್ಷದ್ವೀಪದ ಮಾರ್ಗ ಹೆಚ್ಚು ಸುಂದರ, ಹೆಚ್ಚು ಅನಿಶ್ಚಿತ. ಅಮೀನ್‌ದೀವಿ ಗುಂಪಿನ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವೆಂಬುದು ಕರಾವಳಿಯ ವರ್ತಕ ಕುಟುಂಬಗಳ ಹಿರಿಯರಿಗೆ ನೆನಪಿರಬಹುದು. ಇಂದು ಅಲ್ಲಿಗೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಅದನ್ನು ಹಡಗಿನ ಸಂಸ್ಥೆ ಮಾಡಿಸಿಕೊಡುವುದೋ ಇಲ್ಲವೋ, ಅದಕ್ಕೆ ಬೇಕಾದ ದಾಖಲೆಗಳನ್ನು ಎಷ್ಟು ದಿನ ಮೊದಲು ಕೊಡಬೇಕು ಎಂಬುದನ್ನು ಬುಕಿಂಗ್ ಸಮಯದಲ್ಲೇ ತಿಳಿಯಬೇಕು. ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತದೆ. ಅಲೆ ಹೆಚ್ಚಿದ್ದರೆ ಇಳಿಯುವುದೇ ರದ್ದಾಗುತ್ತದೆ. ಮಂಡಿನೋವಿನವರಿಗೆ ದೋಣಿ ಹತ್ತಿ ಇಳಿಯುವುದು ಪ್ರಯಾಸ.

ಬೆಂಗಳೂರು, ಮೈಸೂರು ಭಾಗದವರಿಗೆ ಚೆನ್ನೈ ಅನುಕೂಲ. 2022ರ ನವೆಂಬರ್‌ನಲ್ಲಿ ಆರಂಭವಾದ ಮೈಸೂರು–ಚೆನ್ನೈ ವಂದೇ ಭಾರತ್ ರೈಲು ವಿಮಾನದ ವೆಚ್ಚವನ್ನು ಉಳಿಸುತ್ತದೆ. ಶ್ರೀಲಂಕೆಯ ಬಂದರು ಮಾರ್ಗದಲ್ಲಿದ್ದರೆ ಪಾಸ್‌ಪೋರ್ಟ್ ಅಗತ್ಯ.

ವಿದೇಶದಲ್ಲಿ ಕಿರು ವಿಹಾರಕ್ಕೆ ಹೆಸರಾದ ಸ್ಥಳ ಸಿಂಗಪುರ. ರಿಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಸಂಸ್ಥೆ 2022ರ ಜೂನ್‌ನಲ್ಲಿ 'ಗೆಂಟಿಂಗ್ ಡ್ರೀಮ್' ಹಡಗಿನಿಂದ ಅಲ್ಲಿ ಸೇವೆ ಆರಂಭಿಸಿತು. 2016ರಲ್ಲಿ ನಿರ್ಮಾಣವಾದ ಈ ಹಡಗಿನ ಗ್ರಾಸ್ ಟನ್ನೇಜ್ ಒಂದೂವರೆ ಲಕ್ಷಕ್ಕೂ ಹೆಚ್ಚು. ಎಂಪ್ರೆಸ್‌ನ ಮೂರು ಪಟ್ಟು. ದೊಡ್ಡ ಹಡಗು ಕಡಿಮೆ ತೂಗಾಡುತ್ತದೆ, ಸೌಕರ್ಯಗಳು ಹೆಚ್ಚು, ಜನಸಂದಣಿಯೂ ಹೆಚ್ಚು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹಡಗು ಹೊರದೇಶದ ಬಂದರಿಗೆ ಹೋಗಿ ಮರಳಿದಾಗ ಸಿಂಗಪುರಕ್ಕೆ ಎರಡನೆಯ ಬಾರಿ ಪ್ರವೇಶಿಸಿದಂತಾಗುವುದರಿಂದ, ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶವಿರುವ ವೀಸಾ ಇರಬೇಕು. ಮೂರು ರಾತ್ರಿಯ ಯಾನಕ್ಕೆ ಒಟ್ಟು ಆರು ದಿನ ಬೇಕಾಗುತ್ತದೆಂಬುದನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಕ್ಯಾಬಿನ್ನಿನ ಆಯ್ಕೆ

ಕ್ಯಾಬಿನ್ನುಗಳಲ್ಲಿ ಸ್ಥೂಲವಾಗಿ ನಾಲ್ಕು ಬಗೆ: ಕಿಟಕಿಯಿಲ್ಲದ ಒಳಕೋಣೆ, ತೆರೆಯಲಾಗದ ಕಿಟಕಿಯಿರುವ ಕೋಣೆ, ಬಾಲ್ಕನಿಯಿರುವ ಕೋಣೆ, ಮತ್ತು ವಿಶಾಲವಾದ ಸ್ವೀಟ್. ಹಳೆಯ ಹಡಗುಗಳಲ್ಲಿ ಬಾಲ್ಕನಿಗಳು ಕಡಿಮೆ, ಕೋಣೆಗಳೂ ಚಿಕ್ಕವು. ಗುಂಪಿನಲ್ಲಿ ಹೋಗುವ ಯುವಕರು ಕೋಣೆಯನ್ನು ಮಲಗಲು ಮಾತ್ರ ಬಳಸುತ್ತಾರೆ. ಅವರಿಗೆ ಒಳಕೋಣೆ ಸಾಕು. ದಂಪತಿಗಳ ಮಾತು ಬೇರೆ. ಅವರು ಕೊಳ್ಳುತ್ತಿರುವುದು ಏಕಾಂತವನ್ನು. ಬೆಳಗಿನ ಕಾಫಿ ಹಿಡಿದು ಸಮುದ್ರ ನೋಡುತ್ತ ಕೂರುವುದಕ್ಕೆ ಬಾಲ್ಕನಿ, ಅದು ಕೈಗೆಟುಕದಿದ್ದರೆ ಕಿಟಕಿ, ಇರುವುದು ಯೋಗ್ಯ. ವಿಶೇಷ ಭೋಜನ, ಮಸಾಜು ಮೊದಲಾದವುಗಳಲ್ಲಿ ಉಳಿಸಿ ಕೋಣೆಗೆ ಹಾಕುವುದು ಈ ಸಂದರ್ಭದಲ್ಲಿ ಒಳ್ಳೆಯ ಹೂಡಿಕೆ.

ಕೋಣೆಯ ದರ್ಜೆಯಷ್ಟೇ ಮುಖ್ಯವಾದದ್ದು ಅದರ ಸ್ಥಾನ. ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಅಂತಸ್ತುಗಳಲ್ಲಿ ತೂಗಾಟ ಕಡಿಮೆ. ಮುಂತುದಿಯಲ್ಲಿ ಮತ್ತು ಮೇಲಂತಸ್ತಿನಲ್ಲಿ ಹೆಚ್ಚು. ನೃತ್ಯಶಾಲೆ, ಈಜುಕೊಳ, ಅಡುಗೆಮನೆಗಳ ನೇರ ಕೆಳಗೆ ಅಥವಾ ಮೇಲೆ ಇರುವ ಕೋಣೆಗೆ ರಾತ್ರಿಯೆಲ್ಲ ಸದ್ದು ತಪ್ಪದು. ಕೋಣೆಯ ಸಂಖ್ಯೆಯನ್ನು ಸಂಸ್ಥೆಯೇ ನಂತರ ನಿಗದಿಪಡಿಸುವ ಅಗ್ಗದ ಟಿಕೆಟ್ಟುಗಳಲ್ಲಿ ಈ ಆಯ್ಕೆ ಗ್ರಾಹಕರ ಕೈಯಲ್ಲಿರುವುದಿಲ್ಲ. ಹಡಗಿನ ನಕ್ಷೆಯನ್ನು ಕೇಳಿ ಪಡೆದು, ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು.

ಸಮುದ್ರಪೀಡೆಯ ಭಯ ಬಹಳ ಮಂದಿಗೆ ಇರುತ್ತದೆ. ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ವಾಂತಿಯಾಗುವವರು ವೈದ್ಯರನ್ನು ಮೊದಲೇ ಕಂಡು ಮಾತ್ರೆ ಬರೆಸಿಕೊಳ್ಳುವುದು ಒಳಿತು. ಮಧುಮೇಹ, ರಕ್ತದೊತ್ತಡದ ಔಷಧಗಳನ್ನು ಎರಡು ದಿನಕ್ಕೆ ಹೆಚ್ಚುವರಿಯಾಗಿ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲೇ ಇರಿಸಿಕೊಳ್ಳಬೇಕು. ಹೊಸ ದಂಪತಿಗಳು ಗಮನಿಸಬೇಕಾದ ಮತ್ತೊಂದು ನಿಯಮವಿದೆ: ಗರ್ಭಾವಸ್ಥೆಯ 24ನೆಯ ವಾರದ ನಂತರ ಬಹುತೇಕ ಸಂಸ್ಥೆಗಳು ಹಡಗು ಹತ್ತಲು ಬಿಡುವುದಿಲ್ಲ.

ಇಬ್ಬರ ಒಪ್ಪಿಗೆ

ಅನೇಕ ಸಣ್ಣ ಸಂಸ್ಥೆಗಳಲ್ಲಿ ಪತ್ನಿಯವರು ಕಾಗದದ ಮೇಲೆ ಪಾಲುದಾರರು. ಬ್ಯಾಂಕಿನ ದಾಖಲೆಗಳಿಗೆ ಸಹಿ ಹಾಕುವುದನ್ನು ಬಿಟ್ಟರೆ ನಿರ್ಧಾರಗಳಲ್ಲಿ ಅವರ ಮಾತು ಬರುವುದು ಅಪರೂಪ. ಪ್ರವಾಸದ ವಿಷಯದಲ್ಲೂ ಯಜಮಾನರೇ ಬುಕ್ ಮಾಡಿ 'ಇಂಥ ದಿನ ಹೊರಡುವುದು' ಎಂದು ತಿಳಿಸಿಬಿಟ್ಟರೆ, ಇಬ್ಬರ ವಿಹಾರ ಒಬ್ಬರ ಖರೀದಿಯಾಗಿ ಉಳಿಯುತ್ತದೆ. ಮೊದಲು ಕೇಳಬೇಕಾದದ್ದು ಅವರಿಗೆ ಏನು ಬೇಕೆಂಬುದನ್ನು: ಸದ್ದಿಲ್ಲದ ವಿಶ್ರಾಂತಿಯೋ, ಹಾಡು–ನೃತ್ಯದ ಸಂಜೆಗಳೋ, ಹೊಸ ಊರು ನೋಡುವುದೋ. ನೀರಿನ ಭಯವಿದೆಯೇ ಎಂಬುದನ್ನೂ ಸಂಕೋಚವಿಲ್ಲದೆ ಮಾತನಾಡಿಕೊಳ್ಳಬೇಕು. ಬಂಧುಗಳ ಗುಂಪಿನೊಡನೆ ಹೋದರೆ ರಿಯಾಯಿತಿ ದೊರೆಯಬಹುದು; ಆದರೆ ಅಲ್ಲಿಯೂ ಮನೆಯೊಡತಿ ಹತ್ತು ಜನರ ಊಟ ಉಪಚಾರ ವಿಚಾರಿಸುವಂತಾದರೆ ವಿಹಾರದ ಉದ್ದೇಶವೇ ಕೆಡುತ್ತದೆ.

ಊಟದ ವಿಷಯ ನಮ್ಮ ಕುಟುಂಬಗಳಲ್ಲಿ ಚಿಕ್ಕದಲ್ಲ. ಸಸ್ಯಾಹಾರ ಮತ್ತು ಜೈನ ಆಹಾರ ಭಾರತೀಯ ಪ್ರಯಾಣಿಕರನ್ನು ಒಯ್ಯುವ ಹಡಗುಗಳಲ್ಲಿ ಸಿಗುತ್ತದೆ. ಆದರೆ ಪಾತ್ರೆ ಮತ್ತು ಅಡುಗೆಯ ಸ್ಥಳ ಪ್ರತ್ಯೇಕವೋ, ಬಡಿಸುವ ಮೇಜು ಮಾತ್ರ ಪ್ರತ್ಯೇಕವೋ ಎಂಬುದನ್ನು ಬಯಸುವವರು ಸ್ಪಷ್ಟವಾಗಿ ಕೇಳಿ, ಬುಕಿಂಗ್‌ನಲ್ಲೇ ದಾಖಲಿಸಬೇಕು. ಏಕಾದಶಿ, ಸಂಕಷ್ಟಿ ಆಚರಿಸುವವರು ತಾರೀಖು ನೋಡಿ ಹೊರಡುವುದು ಲೇಸು. ಮಕ್ಕಳಿಗಾಗಿಯೇ ಹೆಸರಾದ ಹಡಗು, ಶಾಲಾ ರಜೆಯ ವಾರ ಇವು ವಿರಾಮ ಬಯಸುವ ದಂಪತಿಗಳಿಗೆ ಹೇಳಿಸಿದ್ದಲ್ಲ.

ಮುಂಗಡ ಹಣ ಮತ್ತು ರದ್ದತಿಯ ನಿಯಮ

ಸರಕು ಕೈಸೇರುವ ಮೊದಲೇ ಪೂರ್ತಿ ಹಣ ಕೊಡುವ ವ್ಯವಹಾರದಲ್ಲಿ ಕೊಡುವವರ ಎಚ್ಚರವೇ ರಕ್ಷಣೆ. 2020ರಲ್ಲಿ ಜಲೇಶ್ ಮುಚ್ಚಿತು. 2022ರ ಜನವರಿಯಲ್ಲಿ ಏಷ್ಯಾದ ದೊಡ್ಡ ವಿಹಾರ ನೌಕಾ ಸಮೂಹವಾಗಿದ್ದ ಗೆಂಟಿಂಗ್ ಹಾಂಗ್‌ಕಾಂಗ್ ಸಮಾಪನೆಗೆ ಅರ್ಜಿ ಹಾಕಿತು. ಆದ್ದರಿಂದ ತೀರ ಅಗ್ಗವೆಂದು ಒಂದೂವರೆ ವರ್ಷ ಮುಂಚಿತವಾಗಿ ಪೂರ್ಣ ಹಣ ಕಟ್ಟುವುದಕ್ಕಿಂತ, ಮೂರರಿಂದ ಆರು ತಿಂಗಳೊಳಗಿನ ಯಾನವನ್ನು ಭಾಗಶಃ ಮುಂಗಡದಿಂದ ಕಾದಿರಿಸುವುದು ಕ್ಷೇಮ. ಏಜೆಂಟರ ಮೂಲಕ ಕೊಂಡರೆ ಹಣವನ್ನು ವ್ಯಕ್ತಿಯ ಖಾತೆಗೆ ಹಾಕದೆ ಸಂಸ್ಥೆಯ ಖಾತೆಗೇ ಹಾಕಿ, ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲನ್ನೂ ಹಡಗಿನ ಸಂಸ್ಥೆಯ ಬುಕಿಂಗ್ ಸಂಖ್ಯೆಯನ್ನೂ ಪಡೆಯಬೇಕು. ಆ ಸಂಖ್ಯೆಯನ್ನು ಹಡಗಿನ ಸಂಸ್ಥೆಯ ಕಚೇರಿಗೆ ಕರೆಮಾಡಿ ತಾಳೆ ನೋಡಲು ಐದು ನಿಮಿಷ ಸಾಕು.

ರದ್ದತಿಯ ನಿಯಮಗಳಲ್ಲಿ ಹೊರಡುವ ದಿನ ಸಮೀಪಿಸಿದಂತೆ ಕಡಿತ ಏರುತ್ತದೆ. ಕೊನೆಯ ದಿನಗಳಲ್ಲಿ ಪೂರ್ತಿ ಹಣ ಹೋಗುವುದು ಸಾಮಾನ್ಯ. ಯಾವ ತಾರೀಖಿಗೆ ಎಷ್ಟು ಕಡಿತ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಹವಾಮಾನದ ಕಾರಣದಿಂದ ಬಂದರನ್ನು ಬಿಟ್ಟುಹೋಗುವ ಅಥವಾ ಮಾರ್ಗ ಬದಲಿಸುವ ಅಧಿಕಾರ ಕಪ್ತಾನರಿಗೆ ಇರುತ್ತದೆ. ಅದಕ್ಕಾಗಿ ಪ್ರಯಾಣದರ ಮರಳಿಸುವ ಕರಾರು ಇರುವುದಿಲ್ಲ. ಮನೆಯಲ್ಲಿ ವೃದ್ಧರಿರುವವರು ರದ್ದತಿಯ ನಷ್ಟವನ್ನೂ ವೈದ್ಯಕೀಯ ವೆಚ್ಚವನ್ನೂ ಭರಿಸುವ ಪ್ರಯಾಣ ವಿಮೆ ಮಾಡಿಸುವುದು ಸೂಕ್ತ. ಸೇವೆಯಲ್ಲಿ ವಂಚನೆಯಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು; ಮುಂಬಯಿಗೆ ಅಲೆಯಬೇಕಾಗಿಲ್ಲ.

ಬುಕಿಂಗ್ ದಿನದ ವೇಳಾಪಟ್ಟಿಯಲ್ಲಿ ಹಡಗು ಹೊರಡುವ ಸಮಯಕ್ಕಿಂತ ಪ್ರವೇಶ ಮುಚ್ಚುವ ಸಮಯವನ್ನು ಓದಬೇಕು. ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಅದೇ ದಿನ ಬೆಳಗಿನ ವಿಮಾನ ನಂಬಿ ಹೊರಟು ಮಂಜಿನಿಂದ ತಡವಾದರೆ ಇಡೀ ಖರ್ಚು ನೀರುಪಾಲು. ಹಿಂದಿನ ದಿನವೇ ಆ ಊರು ಸೇರುವುದು ವಿಮೆಗಿಂತ ಅಗ್ಗದ ವಿಮೆ. ಹತ್ತಿದ ಕೂಡಲೇ ನಡೆಯುವ ಸುರಕ್ಷತಾ ಕವಾಯತನ್ನೂ ತಪ್ಪಿಸಿಕೊಳ್ಳಬಾರದು. 2012ರಲ್ಲಿ ಇಟಲಿಯ ತೀರದಲ್ಲಿ 'ಕೋಸ್ಟಾ ಕಾನ್‌ಕಾರ್ಡಿಯಾ' ದುರಂತ ನಡೆದ ನಂತರ, 2015ರ ಜನವರಿಯಿಂದ ಈ ಕವಾಯತನ್ನು ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ನಡೆಸುವುದು ಅಂತಾರಾಷ್ಟ್ರೀಯ ನಿಯಮದಂತೆ ಕಡ್ಡಾಯ.

ಪುಸ್ತಕದಲ್ಲಿ ಬರೆಯುವ ಬಗೆ

ದಂಪತಿಗಳ ವಿಹಾರ ವೈಯಕ್ತಿಕ ಖರ್ಚು. ಅದನ್ನು ಸಂಸ್ಥೆಯ ಪ್ರಯಾಣ ವೆಚ್ಚದಲ್ಲಿ ಸೇರಿಸಿದರೆ ಆದಾಯ ತೆರಿಗೆಯಲ್ಲಿ ಅಮಾನ್ಯವಾಗುತ್ತದೆ. ಸ್ವಂತ ಬಳಕೆಯ ಸೇವೆಗೆ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯೂ ಇಲ್ಲ. ಮಾಲೀಕರ ಖಾತೆಗೆ ಖರ್ಚು ಬರೆದು ಹಣ ತೆಗೆಯುವುದೇ ನೇರ ದಾರಿ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ 2020ರ ಅಕ್ಟೋಬರ್ 1ರಿಂದ ಮಾರಾಟಗಾರರು ಟಿಸಿಎಸ್ ವಸೂಲು ಮಾಡುತ್ತಾರೆ. ಇದರ ದರ ಹಲವು ಬಾರಿ ಬದಲಾಗಿರುವು ಕಾರಣ ಬುಕ್ ಮಾಡುವ ದಿನದ ದರವನ್ನು ಲೆಕ್ಕ ಪರಿಶೋಧಕರಲ್ಲಿ ವಿಚಾರಿಸಬೇಕು. ಪ್ಯಾನ್ ಸಂಖ್ಯೆ ಸರಿಯಾಗಿ ಕೊಟ್ಟಿದ್ದರೆ ಈ ಮೊತ್ತ ವಾರ್ಷಿಕ ವಿವರಪಟ್ಟಿಯಲ್ಲಿ ತೆರಿಗೆಗೆ ವಜಾ ಆಗುತ್ತದೆ. ಅಲ್ಲಿಯವರೆಗೆ ಆ ಹಣ ಕಟ್ಟಿಬಿದ್ದಿರುತ್ತದೆ.

ಮೂರು ದಿನದ ಅಂಗಡಿ

ಕೊನೆಯದಾಗಿ, ಹೊರಡುವ ಮೊದಲು ಅಂಗಡಿಯ ವ್ಯವಸ್ಥೆ. ಕೊಡಬೇಕಾದ ಚೆಕ್ಕುಗಳು, ಬರಬೇಕಾದ ಲಾರಿಗಳು, ಕಾರ್ಮಿಕರ ಕೂಲಿ ಇವುಗಳ ಪಟ್ಟಿಯನ್ನು ಬರೆದು ಮಗನಿಗೋ, ಮಗಳಿಗೋ, ಹಳೆಯ ಗುಮಾಸ್ತರಿಗೋ ಒಪ್ಪಿಸಿ, ಎಷ್ಟು ಮೊತ್ತದವರೆಗೆ ಅವರೇ ನಿರ್ಧರಿಸಬಹುದೆಂದು ಹೇಳಬೇಕು. ಮುಖ್ಯ ಗಿರಾಕಿಗಳಿಗೆ ವಾರ ಮೊದಲೇ ತಿಳಿಸಿದರೆ ಯಾರೂ ಬೇಸರಿಸುವುದಿಲ್ಲ. ನಡುಸಮುದ್ರದಲ್ಲಿ ಹಡಗಿನ ಜಾಲಕ್ಕೆ ಫೋನ್ ತಾನಾಗಿ ಸೇರಿಕೊಂಡರೆ ರೋಮಿಂಗ್ ಬಿಲ್ಲು ಭಾರಿಯಾಗಬಹುದು. ಆದ್ದರಿಂದ ಹಡಗು ಹತ್ತಿದ ಮೇಲೆ ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು.

ಮೂರು ದಿನ ಯಜಮಾನರಿಲ್ಲದೆ ಅಂಗಡಿ ನಡೆದರೆ ಅದೂ ಒಂದು ಗಳಿಕೆಯೇ. ಮುಂದಿನ ಪೀಳಿಗೆಯ ಕೈ ಎಷ್ಟು ಪಳಗಿದೆ, ವ್ಯವಹಾರ ಎಲ್ಲಿ ಒಬ್ಬರನ್ನೇ ನೆಚ್ಚಿ ನಿಂತಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಇನ್ನು ವಿಹಾರದ ಲಾಭ–ನಷ್ಟ ನಿರ್ಧಾರವಾಗುವುದು ಹಡಗಿನ ಗಾತ್ರದಿಂದಲೂ ಅಲ್ಲ, ದರದ ರಿಯಾಯಿತಿಯಿಂದಲೂ ಅಲ್ಲ. ಸರಿಯಾದ ತಿಂಗಳು, ಹತ್ತಿರದ ಬಂದರು, ಸದ್ದಿಲ್ಲದ ಕೋಣೆ, ಓದಿ ಒಪ್ಪಿದ ಕರಾರು, ಇಬ್ಬರೂ ಸೇರಿ ಮಾಡಿದ ಆಯ್ಕೆ, ಇಷ್ಟು ಕೂಡಿದರೆ ವರ್ಷಗಟ್ಟಲೆ ಅಂಗಡಿಗೆ ಕೊಟ್ಟ ಹೊತ್ತಿನಲ್ಲಿ ಮೂರು ದಿನವನ್ನಾದರೂ ದಂಪತಿಗಳು ತಮಗಾಗಿ ಹಿಂಪಡೆದಂತಾಗುತ್ತದೆ.